ಹುಡುಕುವ ಯಂತ್ರ, ಎಣಿಸುವ ಯಂತ್ರ ಮತ್ತು ನಮ್ಮ ಸಾಸಿವೆ ಡಬ್ಬಿ

(ಪುಣೆಯ ಶಿವಾಜಿನಗರದಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಎರಡು ವಾರದ ಹಿಂದೆ ನಮ್ಮ ಕಾರ್ಯದರ್ಶಿಯವರು ಫೋನ್ ಮಾಡಿ, "ಕೃತಕ ಬುದ್ಧಿಮತ್ತೆಯ ಬಗ್ಗೆ ಅರ್ಧ ಗಂಟೆ ಮಾತಾಡು, ಆದರೆ ನಮಗೆ ತಿಳಿಯುವ ಹಾಗೆ ಮಾತಾಡು" ಎಂದರು. ಆ "ಆದರೆ" ಎನ್ನುವ ಮಾತು ನನಗೆ ತಾಗಿತು. ಆಫೀಸಿನಲ್ಲಿ ನಾವು ದಿನವಿಡೀ ಮಾತಾಡುವುದು ಯಾರಿಗೂ ತಿಳಿಯದ ಹಾಗೆಯೇ. ನಾನು ಎಂ.ಟೆಕ್ ಮುಗಿಸಿ ಹನ್ನೆರಡು ವರ್ಷವಾಯಿತು. ಈಗ ಬ್ಯಾಂಕುಗಳಿಗೆ ತಂತ್ರಾಂಶ ಮಾಡಿಕೊಡುವ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಯಾವ ಹಣ ವರ್ಗಾವಣೆ ಸಾಚಾ, ಯಾವುದು ಮೋಸ ಎಂದು ಗುರುತಿಸುವ ತಂತ್ರಾಂಶ ನಮ್ಮ ತಂಡದ ಕೆಲಸ. ಮನೆಯಲ್ಲಿ ಯಾರಾದರೂ ಬಂದಾಗ ನಮ್ಮ ಅತ್ತೆಯವರು "ನಮ್ಮ ಸೊಸಿ ಬ್ಯಾಂಕಿನ ಕಳ್ಳರನ್ನ ಹಿಡೀತಾಳ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಮಾಡಿಕೊಡುತ್ತಿದ್ದರು ಎಂದು ಭೂತಕಾಲದಲ್ಲಿ ಯಾಕೆ ಹೇಳಿದೆ ಎನ್ನುವುದು ಮುಂದೆ ಗೊತ್ತಾಗುತ್ತದೆ.

ಈ ವಿಷಯಕ್ಕೆ ಶಿವಾಜಿನಗರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1854ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು ಇಲ್ಲೇ ಇದೆ. ಬ್ಯಾಂಕ್ ಆಫ್ ಮಹಾರಾಷ್ಟ್ರದ ಕೇಂದ್ರ ಕಚೇರಿ 'ಲೋಕಮಂಗಲ' ಇಲ್ಲೇ. ರಿಸರ್ವ್ ಬ್ಯಾಂಕಿನವರ ಕೃಷಿ ಬ್ಯಾಂಕಿಂಗ್ ಕಾಲೇಜೂ ಇಲ್ಲೇ. ಗಣೇಶಖಿಂಡ ರಸ್ತೆ ಹಿಡಿದು ವಿಶ್ವವಿದ್ಯಾಲಯದ ಕಡೆ ಹೋದರೆ ಸಿ-ಡ್ಯಾಕ್ ಸಿಗುತ್ತದೆ. 1991ರಲ್ಲಿ ವಿಜಯ ಭಟ್ಕರ್ ಅವರ ತಂಡ ಪರಮ್ 8000 ಎಂಬ ಸೂಪರ್ ಕಂಪ್ಯೂಟರ್ ಕಟ್ಟಿದ ಸಂಸ್ಥೆ ಅದು. ದುಡ್ಡು ಎಣಿಸುವವರು, ಯಂತ್ರ ಕಟ್ಟುವವರು ಇಬ್ಬರೂ ಇರುವ ಊರಭಾಗ ಇದು. ನಾವೋ ಇಲ್ಲಿಗೆ ಬರುವುದು ಜೆ.ಎಂ. ರಸ್ತೆಯಲ್ಲಿ ಸೀರೆ ನೋಡಲಿಕ್ಕೆ, ಅದು ಬೇರೆ ಮಾತು.

ಮೊದಲು ಹುಡುಕುವ ಯಂತ್ರದ ಬಗ್ಗೆ ಹೇಳುತ್ತೇನೆ.

ಇಪ್ಪತ್ತೈದು ವರ್ಷದ ಹಿಂದೆ ಗೂಗಲ್ ಮಾಡುತ್ತಿದ್ದದ್ದು ಸರಳ ಕೆಲಸ. ನೀವು ಕೊಟ್ಟ ಪದ ಯಾವ ಯಾವ ಪುಟದಲ್ಲಿದೆ ಎಂದು ನೋಡುವುದು. ಆಮೇಲೆ ಆ ಪುಟದ ಕಡೆಗೆ ಎಷ್ಟು ಬೇರೆ ಪುಟಗಳು ಬೆರಳು ತೋರಿಸುತ್ತಿವೆ, ತೋರಿಸುವವರು ಎಂಥವರು ಎಂದು ಲೆಕ್ಕ ಹಾಕುವುದು. ನಾವು ಹೊಸ ಬಡಾವಣೆಗೆ ಹೋದಾಗ ಒಳ್ಳೆಯ ಡಾಕ್ಟರು ಯಾರು ಎಂದು ನಾಲ್ಕು ಜನರನ್ನು ಕೇಳುತ್ತೇವಲ್ಲ, ಹಾಗೆ. ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಕಂಪನಿ ಶುರು ಮಾಡಿದ್ದು ಇದೇ ಉಪಾಯದ ಮೇಲೆ.

ಇದರಲ್ಲಿ ಒಂದು ತೊಡಕಿತ್ತು. ಯಂತ್ರಕ್ಕೆ ಪದ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ನಾವು 'ಎಣ್ಣೆಗಾಯಿ' ಎನ್ನುತ್ತೇವೆ, ಪಕ್ಕದ ಮನೆಯ ಮರಾಠಿ ವೈನಿ 'ಭರಲೀ ವಾಂಗೀ' ಎನ್ನುತ್ತಾರೆ. ಬಾಣಲೆಯಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಬದನೆಕಾಯಿ. ಹಳೆಯ ಯಂತ್ರಕ್ಕೆ ಇವು ಎರಡು ಬೇರೆ ಅಕ್ಷರಮಾಲೆಗಳು, ಅಷ್ಟೇ. ಈಗಿನ ಯಂತ್ರ ಪ್ರತಿ ಪದವನ್ನೂ ಒಂದು ಅಂಕಿಗಳ ಸಾಲಾಗಿ ಬದಲಿಸಿಕೊಳ್ಳುತ್ತದೆ. ಆ ಅಂಕಿಗಳು ಒಂದು ದೊಡ್ಡ ನಕಾಶೆಯಲ್ಲಿ ಪದದ ವಿಳಾಸ ಇದ್ದ ಹಾಗೆ. ಒಂದೇ ತರಹದ ಮಾತುಗಳ ನಡುವೆ ಬರುವ ಪದಗಳು ಆ ನಕಾಶೆಯಲ್ಲಿ ಅಕ್ಕಪಕ್ಕದ ಮನೆಗಳಾಗುತ್ತವೆ. ಎಣ್ಣೆಗಾಯಿಯ ಸುತ್ತ ಬದನೆ, ಶೇಂಗಾ, ಗುರೆಳ್ಳು, ಬೆಲ್ಲ, ಹುಣಸೆ ಇರುತ್ತವೆ; ಭರಲೀ ವಾಂಗಿಯ ಸುತ್ತಲೂ ಬಹುತೇಕ ಅವೇ. ಹಾಗಾಗಿ ಎರಡೂ ಒಂದೇ ಓಣಿಯಲ್ಲಿ ಬಂದು ಕೂಡುತ್ತವೆ. ಯಂತ್ರ ಎಂದೂ ಬದನೆಕಾಯಿ ತಿಂದಿಲ್ಲ. ಆದರೂ ಇವೆರಡು ನೆರೆಹೊರೆ ಎಂದು ಕಂಡುಕೊಂಡಿದೆ.

ಮುಂದಿನ ದೊಡ್ಡ ಹೆಜ್ಜೆ 2017ರದ್ದು. ಗೂಗಲ್‌ನ ಎಂಟು ಜನ ಸೇರಿ ಟ್ರಾನ್ಸ್‌ಫಾರ್ಮರ್ ಎಂಬ ಹೊಸ ರಚನೆಯ ಬಗ್ಗೆ ಒಂದು ಪ್ರಬಂಧ ಬರೆದರು. ಚಾಟ್‌ಜಿಪಿಟಿಯ ಹೆಸರಿನ ಕೊನೆಯ 'ಟಿ' ಅದೇ. ಆ ಎಂಟು ಜನರಲ್ಲಿ ಒಬ್ಬ ಹೆಣ್ಣುಮಗಳು ನಿಕಿ ಪರ್ಮಾರ್. ಆಕೆ ಎಂಜಿನಿಯರಿಂಗ್ ಓದಿದ್ದು ನಮ್ಮ ಪುಣೆಯ ಪಿಐಸಿಟಿ ಕಾಲೇಜಿನಲ್ಲಿ. ಇದನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳುವುದಕ್ಕೆ ನಾನು ಎಂದೂ ಬೇಸರಪಡುವುದಿಲ್ಲ. ಅಡ್ಮಿಶನ್ ಸೀಜನ್ನಿನಲ್ಲಿ ನಮ್ಮ ಮನೆಗೆ ಬಂದವರೆಲ್ಲ ಒಮ್ಮೆ ಕೇಳಿಸಿಕೊಂಡೇ ಹೋಗುತ್ತಾರೆ.

ಈ ರಚನೆಯ ಗುಟ್ಟು ಇಷ್ಟು: ವಾಕ್ಯದ ಒಂದೊಂದು ಪದವೂ ಉಳಿದ ಎಲ್ಲ ಪದಗಳ ಮುಖ ನೋಡಿ ತನ್ನ ಅರ್ಥ ನಿರ್ಧರಿಸಿಕೊಳ್ಳುತ್ತದೆ. 'ಪುಣೆಯಿಂದ ಧಾರವಾಡಕ್ಕೆ ಬಸ್ಸು' ಮತ್ತು 'ಧಾರವಾಡದಿಂದ ಪುಣೆಗೆ ಬಸ್ಸು' ಎಂಬ ಎರಡರಲ್ಲೂ ಊರುಗಳು ಅವೇ, ಬಸ್ಸೂ ಅದೇ. 'ಇಂದ', 'ಕ್ಕೆ' ಎಂಬ ತುಣುಕುಗಳಲ್ಲಿ ಇಡೀ ಪ್ರಯಾಣ ಅಡಗಿದೆ. 2019ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಹುಡುಕಾಟಕ್ಕೆ ಬರ್ಟ್ ಎಂಬ ಇದೇ ಜಾತಿಯ ಮಾದರಿಯನ್ನು ಜೋಡಿಸಿದಾಗ, ಇಂಥ ಸಣ್ಣ ತುಣುಕುಗಳಿಗೆ ಬೆಲೆ ಬಂತು.

ಕನ್ನಡಕ್ಕೆ ಇದು ಇನ್ನೂ ಮುಖ್ಯ. ಇಂಗ್ಲಿಷಿನಲ್ಲಿ ಬ್ಯಾಂಕ್ ಎಂಬ ಪದ ಎಲ್ಲಿ ಹೋದರೂ ಬ್ಯಾಂಕ್. ನಮ್ಮಲ್ಲಿ ಅದು ಬ್ಯಾಂಕು, ಬ್ಯಾಂಕಿಗೆ, ಬ್ಯಾಂಕಿನಿಂದ, ಬ್ಯಾಂಕಿನಲ್ಲಿ, ಬ್ಯಾಂಕಿನವರಿಗೂ! ಬರೀ ಅಕ್ಷರ ಹೋಲಿಸುವ ಯಂತ್ರಕ್ಕೆ ಇವು ಐದು ಅಪರಿಚಿತರು. ಈಗ ಪದವನ್ನು ತುಣುಕು ಮಾಡಿ ಓದುವುದರಿಂದ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೆ ಓದುವುದಕ್ಕೆ ಸರಕು ಬೇಕಲ್ಲ? ಇಂಗ್ಲಿಷ್ ವಿಕಿಪೀಡಿಯದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರದಾಚೆ ಇವೆ. ಕನ್ನಡದಲ್ಲಿ ಕೇಳಿದರೆ ಯಂತ್ರ ಒಮ್ಮೊಮ್ಮೆ ತಡವರಿಸುವುದಕ್ಕೆ, ಒಮ್ಮೊಮ್ಮೆ ಧೈರ್ಯವಾಗಿ ಸುಳ್ಳು ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ಹುಡುಕಿದರೆ ಪುಟಗಳ ಪಟ್ಟಿಗಿಂತ ಮೊದಲು ಒಂದು ಸಿದ್ಧ ಉತ್ತರವೇ ಬರುತ್ತದೆ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇದು ಶುರುವಾದಾಗ, ಪಿಜ್ಜಾದ ಮೇಲೆ ಚೀಸ್ ಜಾರದೆ ನಿಲ್ಲಬೇಕಾದರೆ ಸಾಸಿಗೆ ಸ್ವಲ್ಪ ಅಂಟು ಬೆರೆಸಿ ಎಂದು ಅದು ಯಾರಿಗೋ ಹೇಳಿತ್ತು. ಯಾರೋ ವರ್ಷಗಳ ಹಿಂದೆ ತಮಾಷೆಗೆ ಬರೆದದ್ದನ್ನು ಯಂತ್ರ ಗಂಭೀರವಾಗಿ ತೆಗೆದುಕೊಂಡಿತ್ತು. ನಾವೆಲ್ಲ ಆಫೀಸಿನಲ್ಲಿ ಬಿದ್ದು ಬಿದ್ದು ನಕ್ಕೆವು. ಅಂಟಿನ ಪಿಜ್ಜಾ ಯಾರೂ ತಿನ್ನುವುದಿಲ್ಲ. ಆದರೆ ಹುಡುಕಾಟದ ಮೊದಲ ಸಾಲಿನಲ್ಲಿ ಬಂದ ಫೋನ್ ನಂಬರನ್ನು ಎಲ್ಲರೂ ನಂಬುತ್ತಾರೆ.

ನಮ್ಮ ಅತ್ತೆಯವರ ಕಥೆ ಶುರುವಾಗುವುದು ಇಲ್ಲಿಂದ. ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. ಅವರು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ.

ಧಾರವಾಡದಿಂದ ಅವರ ತಂಗಿ ಎರಡು ಇಳಕಲ್ ಸೀರೆ ಕಳಿಸಿದ್ದರು. ಪಾರ್ಸೆಲ್ ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಅವರೊಬ್ಬರೇ. ಫೋನಿಗೆ ಬಾಯಿಂದಲೇ ಹೇಳಿ ಆ ಕೊರಿಯರಿನವರ ಕಸ್ಟಮರ್ ಕೇರ್ ನಂಬರ್ ಹುಡುಕಿದರು. ಮೊದಲು ಕಂಡ ನಂಬರಿಗೆ ಫೋನ್ ಮಾಡಿದರು. ಆ ನಂಬರ್ ಕೊರಿಯರಿನವರದ್ದಲ್ಲ. ಯಾರು ಬೇಕಾದರೂ ಬರೆಯಬಹುದಾದ ಒಂದು ಪುಟದಲ್ಲಿ ಮೋಸಗಾರರೇ ಕಂಪನಿಯ ಹೆಸರಿನ ಕೆಳಗೆ ತಮ್ಮ ನಂಬರ್ ಬರೆದಿಟ್ಟಿದ್ದರು. ಜನ ಹೇಗೆ ಹುಡುಕುತ್ತಾರೋ ಅದೇ ಪದಗಳಲ್ಲಿ ಬರೆದಿಟ್ಟಿದ್ದರು. ಹುಡುಕುವ ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿತು: ಕೇಳಿದ ಪ್ರಶ್ನೆಗೆ ಅತಿ ಹತ್ತಿರದ ಪುಟ ತಂದುಕೊಟ್ಟಿತು. ಹತ್ತಿರದ್ದು ಬೇರೆ, ನಿಜವಾದದ್ದು ಬೇರೆ.

ಆ ಮನುಷ್ಯ "ಮಾತಾಜಿ" ಎಂದು ಬಹಳ ಮರ್ಯಾದೆಯಿಂದ ಮಾತಾಡಿದನಂತೆ. ವಿಳಾಸ ತಪ್ಪಾಗಿದೆ, ಸರಿ ಮಾಡಲು ಐದು ರೂಪಾಯಿ ಕಟ್ಟಬೇಕು, ಒಂದು ಫೈಲ್ ಕಳಿಸುತ್ತೇನೆ, ಒತ್ತಿ ಎಂದ. ಒತ್ತಿದರು. ಆ ಫೈಲು ಒಂದು ಆ್ಯಪ್. ಫೋನಿಗೆ ಬರುವ ಪ್ರತಿ ಎಸ್ಸೆಮ್ಮೆಸ್ಸೂ ಅವನಿಗೆ ಹೋಗತೊಡಗಿತು. ಐದು ರೂಪಾಯಿ ಕಟ್ಟಲು ಖಾತೆಯ ವಿವರ ಇವರೇ ತುಂಬಿದ್ದರು. ಇಪ್ಪತ್ತು ನಿಮಿಷದಲ್ಲಿ ಮೂರು ಸಲ ದುಡ್ಡು ಹೋಯಿತು: 19,500, 19,200, 10,000. ಒಟ್ಟು 48,700 ರೂಪಾಯಿ.

ಎಷ್ಟು ಹೋಯಿತು ಎನ್ನುವುದನ್ನು ಹೇಳಬೇಕೋ ಬೇಡವೋ ಎಂದು ಅವರನ್ನು ಕೇಳಿದೆ. "ಹೇಳವಾ. ಐದನೂರು ಹೋತು ಅಂದ್ರ ಯಾರೂ ಹೆದರೂದಿಲ್ಲ" ಎಂದರು.

ಆ ದುಡ್ಡು ಯಾವುದು ಗೊತ್ತೇ? ನಮ್ಮ ಕಡೆ ಹೆಂಗಸರು ಸಾಸಿವೆ ಡಬ್ಬಿಯಲ್ಲಿ, ಜೀರಿಗೆ ಡಬ್ಬಿಯಲ್ಲಿ, ಅಕ್ಕಿಯ ಡ್ರಮ್ಮಿನ ತಳದಲ್ಲಿ ಇಡುವ ದುಡ್ಡು. ಇವರದು ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿತ್ತು. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದಾಗ, ಮಾವನವರಿಗೂ ಗೊತ್ತಿಲ್ಲದ ಆ ಬಾಟಲಿ ಹೊರಗೆ ಬಂತು. ಮನೆಯವರೆಲ್ಲ ನಕ್ಕರು. ನಾನೇ ಕರೆದುಕೊಂಡು ಹೋಗಿ ಅವರ ಹೆಸರಿನಲ್ಲಿ ಖಾತೆ ತೆಗೆಸಿದೆ. ಆಮೇಲೆ ಫೋನಿಗೆ ಯುಪಿಐ ಹಾಕಿಕೊಟ್ಟವಳೂ ನಾನೇ. "ಬಾಟಲಿಗಿಂತ ಬ್ಯಾಂಕು ಸುರಕ್ಷಿತ, ಅತ್ಯಾ" ಎಂದಿದ್ದೆ.

ಮಂಗಳವಾರ ನಡೆದದ್ದನ್ನು ಅವರು ನನಗೆ ಹೇಳಿದ್ದು ಗುರುವಾರ ರಾತ್ರಿ. ಎರಡು ದಿನ ತಲೆನೋವು ಎಂದು ಮಲಗಿದ್ದರು, ಊಟ ಸರಿಯಾಗಿ ಮಾಡಲಿಲ್ಲ. ನಾನು ಆ ಎರಡೂ ದಿನ ಆಫೀಸಿಗೆ ಹೋಗಿ ಯಾರು ಯಾರದೋ ದುಡ್ಡಿನ ಮೋಸ ಹುಡುಕುತ್ತಿದ್ದೆ. ಗುರುವಾರ ರಾತ್ರಿ ಪಾತ್ರೆ ಒರೆಸುತ್ತ ನಿಂತವರು, "ನಿನಗ ಹ್ಯಾಂಗ ಹೇಳ್ಲಿ? ನೀ ಇದನ್ನ ಕಲಿತಾಕಿ. ನಿನ್ನ ಮನಿಯೊಳಗ ನಾ ಪೆದ್ದಿ ಆದೆ" ಎಂದರು.

ಹೇಳಿದ ಕೂಡಲೆ 1930ಕ್ಕೆ ಫೋನ್ ಮಾಡಿದೆವು. ಇದು ಕೇಂದ್ರ ಸರ್ಕಾರದ ಸೈಬರ್ ವಂಚನೆಯ ಸಹಾಯವಾಣಿ. ದೂರು ಕೊಟ್ಟ ತಕ್ಷಣ, ದುಡ್ಡು ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ತಡೆಹಿಡಿಯಲು ಸೂಚನೆ ಹೋಗುತ್ತದೆ. ಆದರೆ ಮೋಸದ ದುಡ್ಡು ಒಂದು ಕಡೆ ನಿಲ್ಲುವುದಿಲ್ಲ. ಒಂದು ಖಾತೆಯಿಂದ ನಾಲ್ಕಕ್ಕೆ, ನಾಲ್ಕರಿಂದ ಹತ್ತಕ್ಕೆ ಹರಿದು, ಎಲ್ಲೋ ಒಂದು ಎಟಿಎಮ್ಮಿನಲ್ಲಿ ನೋಟಾಗಿ ಕೈಗೆ ಬರುತ್ತದೆ. ಎರಡು ದಿನ ಕಳೆದ ಮೇಲೆ ನಮಗೆ ಸಿಕ್ಕಿದ್ದು ಒಂದು ಖಾತೆಯಲ್ಲಿ ಉಳಿದಿದ್ದ 11,300 ರೂಪಾಯಿ. ಅದು ಕೈಗೆ ಬರಲು ಐದು ತಿಂಗಳು ಹಿಡಿಯಿತು.

ಮರುದಿನ ಆಫೀಸಿನಲ್ಲಿ ಕೂತು ನಾನು ಮಾಡಿದ ಮೊದಲ ಕೆಲಸ, ಆ ಮೂರು ವರ್ಗಾವಣೆಗಳನ್ನು ನಮ್ಮ ಯಂತ್ರದ ಕಣ್ಣಿನಿಂದ ನೋಡಿದ್ದು. ಅವರ ಬ್ಯಾಂಕು ನಮ್ಮ ಗ್ರಾಹಕರಲ್ಲ, ಆದರೂ ಯಂತ್ರಗಳ ಯೋಚನೆ ಒಂದೇ ತರಹ.

ಈ ಯೋಚನೆ ಹೊಸದೇನಲ್ಲ. ಕಿರಾಣಿ ಅಂಗಡಿಯವರ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಯಾರು ತಿಂಗಳ ಒಂದನೇ ತಾರೀಕಿಗೆ ಕೊಡುತ್ತಾರೆ, ಯಾರು ಹಬ್ಬದ ಮುಂದೆ ಹೆಚ್ಚು ಒಯ್ಯುತ್ತಾರೆ ಎಂದು ಶೆಟ್ಟರಿಗೆ ಗೊತ್ತು. ಯಾವತ್ತೂ ಕಾಲು ಕೆಜಿ ಬೇಳೆ ಒಯ್ಯುವ ಮನೆಯ ಹುಡುಗ ಬಂದು ಐದು ಕೆಜಿ ಗೋಡಂಬಿ ಉದ್ರಿ ಕೇಳಿದರೆ ಶೆಟ್ಟರು, "ಅವ್ವನ್ನ ಕೇಳಿಕೊಂಡು ಬಾ" ಎನ್ನುತ್ತಾರೆ. ನಮ್ಮ ಯಂತ್ರ ಮಾಡುವುದು ಇದನ್ನೇ. ಮೊತ್ತ, ಹೊತ್ತು, ಯಾವ ಫೋನು, ಯಾವ ಊರು, ಹಿಂದೆ ಈ ಮನುಷ್ಯನಿಗೆ ದುಡ್ಡು ಕಳಿಸಿದ್ದುಂಟೇ, ನಿಮಿಷಕ್ಕೆ ಎಷ್ಟು ಸಲ ಕಳಿಸುತ್ತಿದ್ದಾರೆ ಎಂದೆಲ್ಲ ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅನುಮಾನಕ್ಕೆ ಒಂದು ಅಂಕ ಕೊಡುತ್ತದೆ. ಅಂಕ ಒಂದು ಮಿತಿ ದಾಟಿದರೆ ತಡೆಯುತ್ತದೆ. ಶೆಟ್ಟರಿಗೆ ಇನ್ನೂರು ಮನೆ ಗೊತ್ತು. 2025ರ ಆಗಸ್ಟಿನಲ್ಲಿ ದೇಶದಲ್ಲಿ ಒಂದೇ ತಿಂಗಳಿಗೆ ಯುಪಿಐ ವ್ಯವಹಾರಗಳು 2,000 ಕೋಟಿ ದಾಟಿದವು. ಅಷ್ಟನ್ನು ನೋಡಲು ಯಾವ ಶೆಟ್ಟರಿಂದಲೂ ಆಗದು.

ಕಷ್ಟ ಇರುವುದು ಆ ಮಿತಿಯಲ್ಲಿ. ಉದಾಹರಣೆಗೆ ಹತ್ತು ಸಾವಿರ ವ್ಯವಹಾರದಲ್ಲಿ ಒಂದು ಮೋಸ ಎಂದಿಟ್ಟುಕೊಳ್ಳೋಣ. ಕಣ್ಣು ಮುಚ್ಚಿ ಎಲ್ಲವೂ ಸರಿ ಎಂದು ಹೇಳುವ ಯಂತ್ರಕ್ಕೂ ನೂರಕ್ಕೆ 99.99 ಅಂಕ ಬರುತ್ತದೆ! ಯಾರಾದರೂ ನಮ್ಮ ಎಐ ಶೇಕಡಾ 99 ನಿಖರ ಎಂದು ಜಾಹೀರಾತು ಕೊಟ್ಟರೆ ಇದನ್ನು ನೆನಪಿಡಿ. ಮಿತಿ ಕೆಳಗಿಟ್ಟರೆ ಹೆಚ್ಚು ಕಳ್ಳರು ಸಿಗುತ್ತಾರೆ, ಜೊತೆಗೆ ಆಸ್ಪತ್ರೆಯಲ್ಲಿ ಬಿಲ್ ಕಟ್ಟಲು ನಿಂತ ಸಾಚಾ ಮನುಷ್ಯನ ದುಡ್ಡೂ ನಿಲ್ಲುತ್ತದೆ. ಆತ ಬೈಯುತ್ತಾನೆ, ಬ್ಯಾಂಕು ನಮ್ಮನ್ನು ಬೈಯುತ್ತದೆ. ಹೀಗೆ ದೂರು ಹೆಚ್ಚಾದಾಗ ಒಂದು ಸಭೆ ನಡೆಯಿತು. ಇಪ್ಪತ್ತು ಸಾವಿರದ ಒಳಗಿನ ಹಗಲು ಹೊತ್ತಿನ ವ್ಯವಹಾರಗಳಿಗೆ ಮಿತಿಯನ್ನು ಸ್ವಲ್ಪ ಏರಿಸೋಣ ಎಂದು ತೀರ್ಮಾನವಾಯಿತು. ಒಪ್ಪಿ ತಲೆಯಾಡಿಸಿದವರಲ್ಲಿ ನಾನೂ ಒಬ್ಬಳು. ಲೆಕ್ಕದ ಪ್ರಕಾರ ಅದು ಸರಿಯಾದ ತೀರ್ಮಾನ, ಇವತ್ತೂ ಹಾಗೆಯೇ ಹೇಳುತ್ತೇನೆ. ಆದರೆ 19,500, 19,200 ಎಂಬ ಅಂಕಿಗಳನ್ನು ನೋಡಿದಾಗ ನನ್ನ ಕೈ ತಣ್ಣಗಾಯಿತು. ಆ ಕಡೆ ಕೂತವನಿಗೂ ನಮ್ಮ ಲೆಕ್ಕ ಗೊತ್ತಿದೆ. ಅತ್ತೆಯವರದೇ ಫೋನು, ಅವರದೇ ಸಿಮ್ಮು, ಮಧ್ಯಾಹ್ನ ಎರಡು ಗಂಟೆ, ಓಟಿಪಿ ಸರಿ. ಯಂತ್ರದ ಮಟ್ಟಿಗೆ ಅದು ಒಬ್ಬ ಹಿರಿಯ ಹೆಂಗಸು ಯಾರಿಗೋ ದುಡ್ಡು ಕಳಿಸುತ್ತಿರುವುದು, ಅಷ್ಟೇ.

ಯಂತ್ರ ದೊಡ್ಡ ಮೋಸವನ್ನೂ ಹೇಗೆ ನೋಡಬಲ್ಲದು ಎನ್ನುವುದಕ್ಕೆ ನಮ್ಮ ಇದೇ ಗಣೇಶಖಿಂಡ ರಸ್ತೆಯ ಪ್ರಕರಣವನ್ನು ಹೇಳಲೇಬೇಕು. 1906ರಲ್ಲಿ ಹುಟ್ಟಿದ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಮೇಲೆ 2018ರ ಆಗಸ್ಟ್ 11ರ ಶನಿವಾರ ಸೈಬರ್ ದಾಳಿ ನಡೆಯಿತು. ನಕಲಿ ಕಾರ್ಡುಗಳನ್ನು ಹಿಡಿದ ಜನ 28 ದೇಶಗಳ ಎಟಿಎಮ್ಮುಗಳಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು 78 ಕೋಟಿ ರೂಪಾಯಿ ತೆಗೆದರು. ಭಾರತದೊಳಗೆ ಎರಡೂವರೆ ಕೋಟಿಯಷ್ಟು. ಸೋಮವಾರ, 13ರಂದು, ಇನ್ನೂ 13.92 ಕೋಟಿ ಹಾಂಗ್‌ಕಾಂಗ್‌ನ ಒಂದು ಖಾತೆಗೆ ಹೋಯಿತು. ಒಟ್ಟು 94 ಕೋಟಿ ದಾಟಿತು.

ನಡೆದದ್ದೇನೆಂದರೆ, ನೀವು ಎಟಿಎಮ್ಮಿನಲ್ಲಿ ಕಾರ್ಡು ಹಾಕಿದಾಗ ನಡುವಿನ ಒಂದು ಸ್ವಿಚ್ಚು, "ಇವರ ಖಾತೆಯಲ್ಲಿ ದುಡ್ಡಿದೆಯೇ?" ಎಂದು ಬ್ಯಾಂಕಿನ ಮುಖ್ಯ ಕಂಪ್ಯೂಟರನ್ನು ಕೇಳುತ್ತದೆ. ನಮ್ಮ ಸೊಸೈಟಿಯ ವಾಚಮನ್ ಇಂಟರ್‌ಕಾಮಿನಲ್ಲಿ, "ಯಾರೋ ಬಂದಾರ, ಮ್ಯಾಲೆ ಕಳಿಸಲೇನು?" ಎಂದು ಕೇಳುವ ಹಾಗೆ. ದಾಳಿಕೋರರು ಆ ಇಂಟರ್‌ಕಾಮಿನ ತಂತಿಯನ್ನು ಕತ್ತರಿಸಿ ತಮ್ಮದೊಂದು ಯಂತ್ರಕ್ಕೆ ಜೋಡಿಸಿದರು. ವಾಚಮನ್ ಕೇಳಿದಾಗೆಲ್ಲ ಆ ಯಂತ್ರ "ಕಳಿಸ್ರಿ, ಕಳಿಸ್ರಿ" ಎಂದಿತು. ಮನೆಯವರಿಗೆ ಗೊತ್ತೇ ಆಗಲಿಲ್ಲ. ಗ್ರಾಹಕರ ಖಾತೆಗಳಿಂದ ದುಡ್ಡು ಕಡಿತವಾಗಲಿಲ್ಲ, ನಷ್ಟ ಬ್ಯಾಂಕಿನದೇ ಆಯಿತು. 2023ರ ಏಪ್ರಿಲಿನಲ್ಲಿ ಪುಣೆಯ ನ್ಯಾಯಾಲಯ ಹನ್ನೊಂದು ಜನರಿಗೆ ಶಿಕ್ಷೆ ವಿಧಿಸಿತು. ಅವರು ಎಟಿಎಮ್ಮಿಗೆ ಹೋದ ಕೈಗಳು. ತಲೆಗಳು ಬೇರೆ ಎಲ್ಲೋ.

ಒಂದೇ ಪುಣೆ ಬ್ಯಾಂಕಿನ ಕಾರ್ಡುಗಳು ಒಂದೇ ಶನಿವಾರ 28 ದೇಶಗಳಲ್ಲಿ ಚಲಾವಣೆಯಾಗುವುದು ಐದು ಕೆಜಿ ಗೋಡಂಬಿಯ ಲೆಕ್ಕ. ಒಂದೊಂದು ವ್ಯವಹಾರವನ್ನೇ ನೋಡಿದರೆ ಎಲ್ಲವೂ ಸರಿ, ಒಟ್ಟಾಗಿ ನೋಡಿದರೆ ಮಾತ್ರ ಅಸಂಬದ್ಧ. ಈ ಒಟ್ಟು ನೋಟವೇ ಎಐನ ಬಲ. ಈಗ ರಿಸರ್ವ್ ಬ್ಯಾಂಕಿನ ಇನೊವೇಶನ್ ಹಬ್, ಅದು ಇರುವುದು ನಮ್ಮ ಬೆಂಗಳೂರಿನಲ್ಲಿ, ಮ್ಯೂಲ್‌ಹಂಟರ್ ಎಂಬ ಎಐ ಸಾಧನ ಮಾಡಿದೆ. ರಿಸರ್ವ್ ಬ್ಯಾಂಕು 2024ರ ಡಿಸೆಂಬರಿನಲ್ಲಿ ಅದರ ಬಗ್ಗೆ ಪ್ರಕಟಿಸಿತು. ಮ್ಯೂಲ್ ಎಂದರೆ ಹೇಸರಗತ್ತೆ. ಯಾರದೋ ಹೆಸರಿನ ಖಾತೆ ಬಾಡಿಗೆಗೆ ಪಡೆದು ಮೋಸದ ದುಡ್ಡು ಹೊರಿಸುವುದರಿಂದ ಆ ಹೆಸರು. ಮೂರು ಸಾವಿರ ಕೊಡುತ್ತೇನೆ, ನಿನ್ನ ಖಾತೆ ಕೊಡು ಎಂದರೆ ಕೊಟ್ಟುಬಿಡುವ ಕಾಲೇಜು ಹುಡುಗರಿದ್ದಾರೆ. ಮನೆಯಲ್ಲಿ ಆ ವಯಸ್ಸಿನ ಮಕ್ಕಳಿದ್ದರೆ ಇವತ್ತೇ ಹೇಳಿ, ಅದು ಅಪರಾಧ. ಅತ್ತೆಯವರ ದುಡ್ಡು ಮೊದಲು ಹೋಗಿ ಬಿದ್ದದ್ದು ಇಂಥದೇ ಒಂದು ಖಾತೆಗೆ.

ಎಐ ಬಳಕೆಯಾಗುವ ಇನ್ನೊಂದು ಕಡೆ ಸಾಲ. ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ, ನಿಮಗೆ ಗೊತ್ತು. ಈಗ ಸಾಲ ಕೊಡುವವರು ಅದರ ಮೇಲೆ ತಮ್ಮ ಮಾದರಿಗಳನ್ನೂ ಓಡಿಸುತ್ತಾರೆ. 2019ರ ನವೆಂಬರಿನಲ್ಲಿ ಅಮೆರಿಕದ ಒಬ್ಬ ಸಾಫ್ಟ್‌ವೇರ್ ಉದ್ಯಮಿ, ಆಪಲ್ ಕಾರ್ಡಿನಲ್ಲಿ ತನಗೆ ಹೆಂಡತಿಗಿಂತ ಇಪ್ಪತ್ತು ಪಟ್ಟು ಸಾಲದ ಮಿತಿ ಕೊಟ್ಟಿದ್ದಾರೆ ಎಂದು ಬಹಿರಂಗವಾಗಿ ದೂರಿದ. ಆಪಲ್ ಕಂಪನಿಯ ಸಹಸಂಸ್ಥಾಪಕ ಸ್ಟೀವ್ ವೋಜ್ನಿಯಾಕ್ ಕೂಡ ತಮ್ಮ ಮನೆಯಲ್ಲೂ ಹೀಗೆಯೇ ಎಂದರು. ನ್ಯೂಯಾರ್ಕಿನ ನಿಯಂತ್ರಕರು ತನಿಖೆ ಮಾಡಿ, ಕಾನೂನು ಮುರಿದ ತಾರತಮ್ಯ ಕಾಣಲಿಲ್ಲ ಎಂದು 2021ರಲ್ಲಿ ವರದಿ ಕೊಟ್ಟರು. ಅದು ಸರಿಯೇ ಇರಬಹುದು. ನನಗೆ ಅನ್ನಿಸುವುದು ಬೇರೆ. ಯಂತ್ರಕ್ಕೆ ಹೆಣ್ಣು ಗಂಡು ಗೊತ್ತಾಗಬೇಕಾಗಿಯೇ ಇಲ್ಲ. ಮನೆ ಸಾಲ ಗಂಡನ ಹೆಸರಿನಲ್ಲಿ, ವಿದ್ಯುತ್ ಬಿಲ್ಲು ಗಂಡನ ಹೆಸರಿನಲ್ಲಿ, ಕ್ರೆಡಿಟ್ ಕಾರ್ಡು ಗಂಡನದು. ಮೂವತ್ತು ವರ್ಷ ಸಂಸಾರ ತೂಗಿಸಿದ ಹೆಂಗಸು ಯಂತ್ರದ ಲೆಕ್ಕದಲ್ಲಿ ಖಾಲಿ ಹಾಳೆ. ಸಾಸಿವೆ ಡಬ್ಬಿಯ ಶಿಸ್ತು ಯಾವ ದತ್ತಾಂಶದಲ್ಲೂ ಇಲ್ಲ. 1981ರಲ್ಲಿ ಇದೇ ಪುಣೆಯಲ್ಲಿ ಸುಧಾ ಮೂರ್ತಿಯವರು ಉಳಿಸಿಟ್ಟಿದ್ದ 10,000 ರೂಪಾಯಿ ಕೊಟ್ಟು ಇನ್ಫೋಸಿಸ್ ಶುರುವಾಯಿತಲ್ಲ, ಅವತ್ತು ನಾರಾಯಣ ಮೂರ್ತಿಯವರಿಗೆ ಇವತ್ತಿನ ಯಂತ್ರ ಎಷ್ಟು ಅಂಕ ಕೊಡುತ್ತಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ. ಕೆಲಸ ಬಿಟ್ಟ ಎಂಜಿನಿಯರು, ಹಿಂದೆ ಒಂದು ಕಂಪನಿ ನಡೆಸಿ ಕೈಸುಟ್ಟುಕೊಂಡವರು!

ಅದೇ ಮೂರ್ತಿಯವರ ಮುಖ, ದನಿ ಎರಡನ್ನೂ ಎಐನಿಂದ ನಕಲು ಮಾಡಿ, ಹಣ ದುಪ್ಪಟ್ಟು ಮಾಡುವ ಆ್ಯಪ್‌ಗಳ ಜಾಹೀರಾತು ಮಾಡಿದ್ದರು. ಅವು ಸುಳ್ಳು, ನಂಬಬೇಡಿ ಎಂದು 2023ರ ಡಿಸೆಂಬರಿನಲ್ಲಿ ಸ್ವತಃ ಅವರೇ ಹೇಳಬೇಕಾಯಿತು. ಪರಿಚಿತ ಮುಖ ಪರದೆಯ ಮೇಲೆ ಷೇರು, ಕ್ರಿಪ್ಟೊ ಎಂದು ಕನ್ನಡದಲ್ಲೇ ಮಾತಾಡಿದರೂ ಈಗ ಅದು ಪುರಾವೆ ಅಲ್ಲ.

ಇನ್ನು ಕೈಗೆ ಸಿಗುವ ಕೆಲವು ವಿಷಯ, ಬೇಗ ಹೇಳಿಬಿಡುತ್ತೇನೆ. ಕಸ್ಟಮರ್ ಕೇರ್ ನಂಬರನ್ನು ಹುಡುಕಾಟದಿಂದ ತೆಗೆದುಕೊಳ್ಳಬೇಡಿ. ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನಲ್ಲಿ, ಬಿಲ್ಲಿನ ಮೇಲೆ ಅಚ್ಚಾಗಿರುವುದೇ ಸರಿ. ರಿಸರ್ವ್ ಬ್ಯಾಂಕಿನ ಆದೇಶದಂತೆ ನಮ್ಮ ಬ್ಯಾಂಕುಗಳ ಜಾಲತಾಣಗಳೆಲ್ಲ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯಬೇಕು. 2025ರ ಅಕ್ಟೋಬರ್ 31ರೊಳಗೆ ಬದಲಾಯಿಸಿಕೊಳ್ಳಿ ಎಂದು ಅವರಿಗೆ ಗಡುವು ಕೊಡಲಾಗಿತ್ತು. ವಿಳಾಸದ ಆ ಬಾಲ ನೋಡಿ. ವಾಟ್ಸ್ಆ್ಯಪ್ಪಿನಲ್ಲಿ ಬಂದ ಯಾವ ಆ್ಯಪ್ ಫೈಲನ್ನೂ ಒತ್ತಬೇಡಿ, ಅದು ಮದುವೆ ಆಮಂತ್ರಣ ಎಂದು ಬಂದರೂ. ದುಡ್ಡು ಪಡೆಯುವುದಕ್ಕೆ ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ.

ಮತ್ತೆ, ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಒಂದಿತ್ತು. ಅದರ ಪ್ರಕಾರ, ನಮ್ಮ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ದುಡ್ಡು ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇರಲಿಲ್ಲ. ನಮ್ಮ ಅಜಾಗರೂಕತೆಯಿಂದ ಹೋಗಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದಾಗುತ್ತಿತ್ತು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದಾಗುತ್ತಿತ್ತು. ಅತ್ತೆಯವರದು ಎರಡನೆಯ ಲೆಕ್ಕಕ್ಕೆ ಬಂತು. ವಿವರ ನೀವೇ ಕೊಟ್ಟಿದ್ದೀರಿ ಎಂದರು. ವಾದ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ನಾನು ಕಟ್ಟುವ ಯಂತ್ರಕ್ಕೆ ಎಷ್ಟೋ ಸಂಗತಿಗಳನ್ನು ಉಣಿಸುತ್ತೇವೆ. ಅದರಲ್ಲಿ ನಾಚಿಕೆ ಎಂಬುದಿಲ್ಲ. ಮಂಗಳವಾರ ಮಧ್ಯಾಹ್ನದಿಂದ ಗುರುವಾರ ರಾತ್ರಿಯವರೆಗೆ ದುಡ್ಡು ಓಡಿದ್ದು ಅದರ ದಾರಿಯಲ್ಲೇ. ಇದನ್ನು ನಾನು ನಮ್ಮ ತಂಡದಲ್ಲಿ ಹೇಳಿದೆ. ಈಗ ಒಂದು ಸಣ್ಣ ಬದಲಾವಣೆ ಪರೀಕ್ಷೆಯಲ್ಲಿದೆ. ಹಿರಿಯರ ಖಾತೆಯಿಂದ ಹೊಸಬರಿಗೆ ಒಂದರ ಹಿಂದೊಂದು ದುಡ್ಡು ಹೋದರೆ, ಅದನ್ನು ತಡೆಯುವ ಬದಲು ಅವರು ಮೊದಲೇ ಹೆಸರಿಸಿದ ಮನೆಯವರೊಬ್ಬರಿಗೆ ಒಂದು ಸಂದೇಶ ಹೋಗುತ್ತದೆ. ಸಭೆಯಲ್ಲಿ ಇದಕ್ಕೂ ಆಕ್ಷೇಪ ಬಂತು, ನ್ಯಾಯವಾದ ಆಕ್ಷೇಪವೇ: ಎಲ್ಲ ಅತ್ತೆಯಂದಿರೂ ತಮ್ಮ ಖರ್ಚು ಸೊಸೆಗೆ ಗೊತ್ತಾಗಲಿ ಎಂದು ಬಯಸುತ್ತಾರೆಯೇ? ಮನೆಗೆ ಬಂದು ಕೇಳಿದೆ. "ಸೊಸಿ ಹೆಸರು ಯಾಕ? ನನ್ನ ತಂಗಿ ಹೆಸರು ಹಾಕ್ತೀನಿ" ಎಂದರು. ಅದನ್ನೂ ಬರೆದುಕೊಂಡಿದ್ದೇನೆ.

ಅಂದ ಹಾಗೆ ಸೀರೆ ಪಾರ್ಸೆಲ್ಲು ಬುಧವಾರವೇ ಬಂದಿತ್ತು. ವಾಚಮನ್ ಹತ್ತಿರ ಇತ್ತು. ಅದರಲ್ಲಿ ಒಂದನ್ನು ಇವತ್ತು ಉಟ್ಟುಕೊಂಡು ಬಂದಿದ್ದಾರೆ.

ಈಗ ಎಲ್ಲರೂ ಒಮ್ಮೆ ಫೋನ್ ಹೊರಗೆ ತೆಗೆಯಿರಿ. 1930 ಎಂದು ಸೇವ್ ಮಾಡಿಕೊಳ್ಳಿ, ಹೆಸರು ನಿಮಗೆ ನೆನಪಾಗುವಂಥದ್ದು ಇಡಿ. ನಮ್ಮ ಅತ್ತೆಯವರು 'ಸಾಸಿವೆ' ಎಂದು ಇಟ್ಟುಕೊಂಡಿದ್ದಾರೆ. ಆಮೇಲೆ ಪ್ರಶ್ನೆಗಳಿದ್ದರೆ ಕೇಳಿ. ಚಹಾ ಬರಲು ಇನ್ನೂ ಹತ್ತು ನಿಮಿಷವಿದೆ ಎಂದು ಕಾರ್ಯದರ್ಶಿಯವರು ಸನ್ನೆ ಮಾಡುತ್ತಿದ್ದಾರೆ.